ಶಾನುಭೋಗಿಕೆ ಹೋಯಿತು, ಶಾನುಭೋಗರ ಮನೆ ಉಳಿಯಿತು

ನಮ್ಮ ಕಡೆ ಹಳ್ಳಿಯಲ್ಲಿ ಯಾರ ಮನೆಗಾದರೂ ದಾರಿ ಕೇಳಿ. 'ಶಾನುಭೋಗರ ಮನೆ ದಾಟಿ, ಪಟೇಲರ ಮನೆ ಹಿಂದೆ' ಅನ್ನುತ್ತಾರೆ. ಆ ಹುದ್ದೆಗಳು ರದ್ದಾಗಿ ಅರವತ್ತು ವರ್ಷ ದಾಟಿತು.

ಹಿಂದೆ ಊರಿನ ಕೆಲಸಗಳೆಲ್ಲ ಮನೆತನದ ಸೊತ್ತು. ಕಂದಾಯ ವಸೂಲಿ ಪಟೇಲನದು. ಲೆಕ್ಕ ಶಾನುಭೋಗನದು, ಉತ್ತರದ ಕಡೆ ಅವನೇ ಕುಲಕರ್ಣಿ. ಕೆರೆ ತೂಬು ಎತ್ತಿ ನೀರು ಹಂಚುವವನು ನೀರಗಂಟಿ. ಓಡಾಟ, ಕಾವಲು, ಚಾಕರಿ ತೋಟಿ, ತಳವಾರರ ಪಾಲು. ಪ್ರತಿಫಲವಾಗಿ ಇನಾಂ ಜಮೀನು, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಆಯ. ಅಪ್ಪನ ನಂತರ ಮಗ. ಮುಂಬಯಿ ಪ್ರಾಂತ್ಯ 1874ರಲ್ಲಿ, ಮೈಸೂರು ಸಂಸ್ಥಾನ 1908ರಲ್ಲಿ ಇದಕ್ಕೆಲ್ಲ ಕಾಯ್ದೆ ಮಾಡಿದವು.

ಶಾನುಭೋಗರ ಗತ್ತು ಜಮೀನಿಗಿಂತ ಜಾಸ್ತಿ ಕಡತದಲ್ಲಿತ್ತು ಅಂತ ನನಗನ್ನಿಸುತ್ತದೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಪದರ ಪದರವಾಗಿ ಮಡಚಿದ ಕಪ್ಪು ಪುಸ್ತಕ ಅದು. ಬರೆಯುವುದು ಬಳಪದಲ್ಲಿ. ಒರೆಸಿ ಮತ್ತೆ ಬರೆಯಬಹುದು! ಅಕ್ಷರವೋ ಮೋಡಿ, ಒಂದಕ್ಕೊಂದು ಹೆಣೆದುಕೊಂಡ ಗೀಚು. ಶಾಲೆಯಲ್ಲಿ ಕನ್ನಡ ಕಲಿತವನಿಗೂ ಸುಲಭಕ್ಕೆ ಓದಲಾಗದು. ನಿಮ್ಮ ಹೊಲದ ಲೆಕ್ಕ ನಿಮಗೇ ಓದಲು ಬರುವುದಿಲ್ಲ ಅಂದರೆ, ಬರುವವನ ಮುಂದೆ ಕೈಕಟ್ಟಿ ನಿಲ್ಲಬೇಕು ಅಲ್ವಾ?

ತೋಟಿಯಂಥ ಕೆಳಗಿನವರಿಗೆ ಇದೇ ವ್ಯವಸ್ಥೆ ಕುತ್ತಿಗೆಗೆ ಬಿದ್ದ ಹಗ್ಗ. ತುಂಡು ಜಮೀನು ಕೊಟ್ಟು ಹಗಲು ರಾತ್ರಿ ದುಡಿಸುತ್ತಿದ್ದರು. ಊರ ಚಾಕರಿ ಮಾಡುತ್ತಿದ್ದ ದಲಿತ ಸಮುದಾಯ ಮಹಾರರ ವತನ್, ಅಂದರೆ ವಂಶದ ಹುದ್ದೆ-ಜಮೀನಿನ ಬಗ್ಗೆ ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ತಿದ್ದುಪಡಿ ಮಸೂದೆ ತಂದರು. ಬೆಳಗಾವಿ, ಧಾರವಾಡ, ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ಮಸೂದೆ ದಡ ಸೇರಲಿಲ್ಲ.

ಸಂವಿಧಾನ ಬಂದಮೇಲೆ ಕಥೆ ತಿರುಗಿತು. 16ನೇ ವಿಧಿಯ ಪ್ರಕಾರ ಸರ್ಕಾರಿ ಹುದ್ದೆಗೆ ವಂಶ ನೋಡುವಂತಿಲ್ಲ. ಗುಂಟೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಗ್ರಾಮ ಮುನ್ಸೀಫ, ಅಂದರೆ ನಮ್ಮ ಪಟೇಲನಂಥ ಹುದ್ದೆಗೆ ಒಬ್ಬರನ್ನು ನೇಮಿಸಿ, ಆಮೇಲೆ ಹಳೇ ಮುನ್ಸೀಫರ ಮನೆಯವರಿಗೇ ಕೊಟ್ಟರು. ಕೈತಪ್ಪಿದವರು ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿಗೇ ಹೋದರು. 1960ರ ಡಿಸೆಂಬರಿನಲ್ಲಿ ಗೆದ್ದರು. ಮರುವರ್ಷ ಮೈಸೂರು ರಾಜ್ಯ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿ.

ಆದರೆ ಇನಾಂ ಜಮೀನು? ಬೆಲೆ ಕಟ್ಟಿಸಿಕೊಂಡು ಹಳೇ ಮನೆತನಕ್ಕೇ ರೀಗ್ರಾಂಟ್, ಅಂದರೆ ಮರುಮಂಜೂರು. ಶಾನುಭೋಗರ ಮಕ್ಕಳ ಕೈಯಲ್ಲಿ ಜಮೀನಿನ ಜೊತೆಗೆ ಲೆಕ್ಕ, ಓದು ಆಗಲೇ ಇತ್ತು. 1974ರ ಭೂ ಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಜಮೀನು ಕಳೆದುಕೊಂಡವರೂ ಇದ್ದಾರೆ, ನಿಜ. ಓದು ಮಾತ್ರ ಯಾವ ಕಾಯ್ದೆಗೂ ಸಿಗಲಿಲ್ಲ.

ತೋಟಿ ಮನೆಗೆ ಬಂದದ್ದು ಬರೀ ನೆಲ. ಕಷ್ಟ ಬಂದರೆ ಮಾರುವುದಕ್ಕೆ ಅದೊಂದೇ. ದಲಿತರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಅದರ ವ್ಯಾಖ್ಯೆಯಲ್ಲಿ ಒಂದು ಹೊರತು ಇದೆ: ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಜಮೀನು ಅದರಡಿ ಬರುವುದಿಲ್ಲ. ತೋಟಿ ಇನಾಂ ಜಮೀನಿನ ಲೆಕ್ಕ ಬೇರೆ, 1961ರ ಹುದ್ದೆ ರದ್ದತಿ ಕಾಯ್ದೆಯದೇ. ತಾಲ್ಲೂಕು ಕಚೇರಿಯಲ್ಲಿ ಈ ವ್ಯತ್ಯಾಸ ಗೊತ್ತಾಗುವಷ್ಟರಲ್ಲಿ ಎಷ್ಟೋ ಜನರ ಚಪ್ಪಲಿ ಸವೆದಿರುತ್ತದೆ.

ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಈಗ ಹೆಸರು ಗ್ರಾಮ ಆಡಳಿತಾಧಿಕಾರಿ. 2024ರಲ್ಲಿ 1000 ಹುದ್ದೆಗೆ ಪರೀಕ್ಷೆ ನಡೆಯಿತು. ಬೇರೆ ಜಿಲ್ಲೆಯಿಂದ ಬಂದ ಹುಡುಗಿ ಸ್ಕೂಟರ್ ನಿಲ್ಲಿಸಿ ಫೋನಿನಲ್ಲಿ ಬೆಳೆ ಫೋಟೊ ತೆಗೆಯುತ್ತಿದ್ದರೆ, ಕಟ್ಟೆ ಮೇಲಿನ ಹಳಬರು ಈಗಲೂ ಅನ್ನುವುದು, 'ಶಾನುಭೋಗರು ಬಂದ್ರು ನೋಡು'.