ಗದಗದ ಗಾಳಿ, ಹಾವೇರಿಯ ಗೊಬ್ಬರ: ಹೈಡ್ರೋಜನ್ ಕಾರಿಗೇ ಯಾಕೆ?

2022ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಟೊಯೋಟಾ ಮಿರಾಯ್ ಎಂಬ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಹೋದರು. ಹೊಗೆಯಿಲ್ಲ, ಕೊಳವೆಯಿಂದ ಬರುವುದು ನೀರು ಮಾತ್ರ. ಗದಗ, ಮುಂಡರಗಿ ಕಡೆ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಒಂದು ಆಸೆ ಹುಟ್ಟುವುದು ಸಹಜ: ಈ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿಕೊಂಡು ನಮ್ಮ ಕಾರುಗಳನ್ನೇಕೆ ಓಡಿಸಬಾರದು? ಓಡಿಸಬಹುದು. ಆದರೆ ನಮ್ಮ ಗಾಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇದೆ ಎನ್ನುವುದು ನನ್ನ ನಂಬಿಕೆ.

ಹೈಡ್ರೋಜನ್ ಕಾರು ಎಂದರೆ ಅಸಲಿಗೆ ವಿದ್ಯುತ್ ಕಾರೇ. ಒಳಗೆ ಏನೂ ಉರಿಯುವುದಿಲ್ಲ. ಟ್ಯಾಂಕಿನ ಹೈಡ್ರೋಜನ್ ಇಂಧನಕೋಶಕ್ಕೆ ಹೋಗುತ್ತದೆ. ಅಲ್ಲಿ ಪ್ಲಾಟಿನಮ್ ಲೇಪನದ ಮೇಲೆ ಅದರ ಪರಮಾಣುಗಳು ಪ್ರೋಟಾನ್, ಎಲೆಕ್ಟ್ರಾನ್‌ಗಳಾಗಿ ಬೇರೆಯಾಗುತ್ತವೆ. ನಡುವಿನ ತೆಳು ಪೊರೆ ಪ್ರೋಟಾನನ್ನು ಮಾತ್ರ ಒಳಬಿಡುತ್ತದೆ. ಎಲೆಕ್ಟ್ರಾನ್‌ಗಳು ತಂತಿಯಲ್ಲಿ ಸುತ್ತು ಹಾಕಿಯೇ ಆಚೆ ದಡ ಸೇರಬೇಕು. ಆ ಸುತ್ತು ದಾರಿಯಲ್ಲೇ ಅವು ಮೋಟಾರನ್ನು ತಿರುಗಿಸುತ್ತವೆ. ಆಚೆ ಬದಿಯಲ್ಲಿ ಪ್ರೋಟಾನ್, ಎಲೆಕ್ಟ್ರಾನ್‌ಗಳೆರಡೂ ಗಾಳಿಯ ಆಕ್ಸಿಜನ್ ಜೊತೆ ಕೂಡಿ ನೀರಾಗುತ್ತವೆ. ಬ್ರಿಟಿಷ್ ವಿಜ್ಞಾನಿ ವಿಲಿಯಂ ಗ್ರೋವ್ ಇದನ್ನು 1839ರಷ್ಟು ಹಿಂದೆಯೇ ಪ್ರಯೋಗದಲ್ಲಿ ತೋರಿಸಿದ್ದ. ಪೆಟ್ರೋಲ್ ಎಂಜಿನ್ ಇನ್ನೂ ಹುಟ್ಟಿರಲಿಲ್ಲ.

ತೊಡಕಿರುವುದು ಕಾರಿನಲ್ಲಲ್ಲ, ಅದಕ್ಕಿಂತ ಹಿಂದಿನ ಲೆಕ್ಕದಲ್ಲಿ. ನೀರಿನಿಂದ ಒಂದು ಕಿಲೋ ಹೈಡ್ರೋಜನ್ ತೆಗೆಯಲು ಇವತ್ತಿನ ಯಂತ್ರಗಳಿಗೆ 50ರಿಂದ 55 ಯುನಿಟ್ ವಿದ್ಯುತ್ ಬೇಕು. ಮಿರಾಯ್ ಟ್ಯಾಂಕಿನಲ್ಲಿ ಹಿಡಿಯುವುದು 5.6 ಕಿಲೋ. ಅಂದರೆ ಒಮ್ಮೆ ತುಂಬಿಸಲು ಸುಮಾರು 300 ಯುನಿಟ್. ಅನಿಲವನ್ನು 700 ಬಾರ್‌ಗೆ, ಎಂದರೆ ವಾತಾವರಣದ ಒತ್ತಡದ ಏಳುನೂರು ಪಟ್ಟಿಗೆ ಅದುಮುವ ಖರ್ಚು ಬೇರೆ. ಇಷ್ಟಕ್ಕೆ ಕಾರು ಓಡುವುದು 650 ಕಿ.ಮೀ. ಹುಬ್ಬಳ್ಳಿಯಿಂದ ಬೆಂಗಳೂರು ಮುಟ್ಟಿ, ವಾಪಸು ಬರುವಾಗ ಚಿತ್ರದುರ್ಗ ದಾಟುತ್ತಲೇ ಟ್ಯಾಂಕ್ ಬರಿದು. ಅದೇ 300 ಯುನಿಟ್ಟನ್ನು ನೇರವಾಗಿ ಬ್ಯಾಟರಿ ಕಾರಿಗೆ ಕೊಡಿ. ಯುನಿಟ್ಟಿಗೆ ಆರು ಕಿ.ಮೀ. ಹಿಡಿದರೂ 1,800 ಕಿ.ಮೀ. ಆಯಿತು: ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೂ ಚಾರ್ಜ್ ಉಳಿಯುತ್ತದೆ. ನೀರನ್ನು ಒಡೆಯುವಾಗ ಮೂರರಲ್ಲೊಂದು ಪಾಲು ಶಕ್ತಿ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಇಂಧನಕೋಶದಲ್ಲಿ ಶಾಖವಾಗಿ ಸೋರುತ್ತದೆ. ಯಂತ್ರಗಳು ಇನ್ನಷ್ಟು ಸುಧಾರಿಸಬಹುದು, ಆದರೆ ಎರಡು ಸಲ ರೂಪ ಬದಲಿಸುವ ಸುಂಕ ಪೂರ್ತಿ ತಪ್ಪುವುದಿಲ್ಲ.

ನೀರಿನ ಬಗ್ಗೆ ಹಲವರಿಗೆ ಅಂಜಿಕೆ ಇದೆ. ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಊರಲ್ಲಿ ಅದು ಬರಬೇಕಾದ ಪ್ರಶ್ನೆಯೇ. ಕಿಲೋ ಹೈಡ್ರೋಜನ್‌ಗೆ ಒಂಬತ್ತು ಲೀಟರ್ ಶುದ್ಧ ನೀರು ಸಾಕು. ಶುದ್ಧೀಕರಣ, ತಂಪು ಮಾಡುವುದು ಸೇರಿದರೆ ಇನ್ನಷ್ಟು. ಕೊರತೆ ನೀರಿಗಿಂತ ಹೆಚ್ಚಾಗಿ ವಿದ್ಯುತ್ತಿನದು.

ದೂರ ಹೋಗುವ ಭಾರೀ ಲಾರಿಗಳ ವಿಷಯದಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ, ಅಲ್ಲಿ ಬ್ಯಾಟರಿಯ ತೂಕವೇ ಹೊರೆ. ಹುಬ್ಬಳ್ಳಿ-ಧಾರವಾಡದ ನಡುವೆ ಗೊತ್ತಾದ ದಾರಿಯಲ್ಲೇ ಓಡುವ ಚಿಗರಿ ಬಸ್ಸಿಗೆ ಮಾತ್ರ ಬ್ಯಾಟರಿಯೇ ಸಾಕು.

ಹಾಗಾದರೆ ಹೈಡ್ರೋಜನ್ ಎಲ್ಲಿಗೆ ಹೋಗಬೇಕು? ಹಾವೇರಿಗೆ ಬನ್ನಿ. ಗೋವಿನಜೋಳ ಬಿತ್ತಿದ ಮೇಲೆ ಯೂರಿಯಾಕ್ಕೆ ಸಾಲು ನಿಲ್ಲುವ ಜಿಲ್ಲೆ ಇದು. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಇಲ್ಲಿ ಗೋಲಿಬಾರ್ ಆಯಿತು, ಜೀವ ಹೋಯಿತು. ಆ ಚೀಲದೊಳಗಿನ ರಸಾಯನವನ್ನು ಲೆಕ್ಕ ಹಾಕಿ ನೋಡಿ. 45 ಕಿಲೋ ಯೂರಿಯಾಕ್ಕೆ ಸುಮಾರು 25 ಕಿಲೋ ಅಮೋನಿಯಾ (ಸಾರಜನಕ, ಹೈಡ್ರೋಜನ್ ಸೇರಿ ಆಗುವ ಅನಿಲ) ಬೇಕು; ಅಷ್ಟು ಅಮೋನಿಯಾಕ್ಕೆ 4.5 ಕಿಲೋ ಹೈಡ್ರೋಜನ್. ಮಿರಾಯ್ ಟ್ಯಾಂಕಿಗೆ ತುಂಬುವುದಕ್ಕಿಂತ ಸ್ವಲ್ಪವೇ ಕಡಿಮೆ! ಮಂಗಳೂರಿನ ಪಣಂಬೂರು ಕಾರ್ಖಾನೆಯೂ ಸೇರಿ ನಮ್ಮ ಯೂರಿಯಾ ಘಟಕಗಳು ಈ ಹೈಡ್ರೋಜನನ್ನು ಪಡೆಯುವುದು ನೈಸರ್ಗಿಕ ಅನಿಲದಿಂದ. ಆ ಅನಿಲದ ದೊಡ್ಡ ಪಾಲು ಹಡಗಿನಲ್ಲಿ ಬರುತ್ತದೆ. ಹೀಗೆ ತೆಗೆದ ಪ್ರತಿ ಕಿಲೋ ಹೈಡ್ರೋಜನ್‌ಗೆ ಒಂಬತ್ತು-ಹತ್ತು ಕಿಲೋ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ.

ಕಾರಿಗೆ ಬ್ಯಾಟರಿ ಎಂಬ ಬೇರೆ ದಾರಿ ಇದೆ. ಅಮೋನಿಯಾಕ್ಕೆ ಇಲ್ಲ; ಅದಕ್ಕೆ ಹೈಡ್ರೋಜನ್ನೇ ಬೇಕು. 2023ರ ಜನವರಿಯಲ್ಲಿ ಕೇಂದ್ರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಗಾಳಿ, ಬಿಸಿಲಿನಂಥ ವಿದ್ಯುತ್ತಿನಿಂದ ಮಾಡಿದ್ದು) ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟುಕೊಂಡು. ಅದರಲ್ಲಿ ಮೊದಲ ಹಕ್ಕು ಹೊಲಕ್ಕೆ ಸಿಗಬೇಕು.

ಗದಗದ ಗಾಳಿಗೂ ಇದು ಹೊಂದುತ್ತದೆ. ನಮ್ಮಲ್ಲಿ ಗಾಳಿ ಜೋರಾಗುವುದು ಮುಂಗಾರಿನ ತಿಂಗಳುಗಳಲ್ಲಿ. ಆಗ ಬಂದ ವಿದ್ಯುತ್ತನ್ನು ಹಿಂಗಾರಿಗೆ ಕಾದಿಡುವುದು ಕಷ್ಟ, ಅಮೋನಿಯಾ ಮಾಡಿಟ್ಟರೆ ಸುಲಭ. ಹೈಡ್ರೋಜನನ್ನು ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು, ಅಮೋನಿಯಾಕ್ಕೆ ಮೈನಸ್ 33 ಸಾಕು. ಇಡೀ ಹಂಗಾಮು ಅದನ್ನು ದೊಡ್ಡ ಟ್ಯಾಂಕುಗಳಲ್ಲಿ ಕೂಡಿಡಬಹುದು. (ಹೊಸ ಯಂತ್ರಗಳು ಕಪ್ಪತಗುಡ್ಡದ ಕಾಡಿಗೆ ಕೈಹಾಕಬಾರದು. 2019ರಲ್ಲಿ ವನ್ಯಧಾಮವಾದ ಆ ಗುಡ್ಡವನ್ನು ಉಳಿಸಿಕೊಳ್ಳಲು ಗದಗದ ಜನ ಪಟ್ಟ ಪಾಡು ಸಣ್ಣದಲ್ಲ.)

ಒಂದು ನಿಜವಾದ ತೊಡಕು ಇದೆ. ಯೂರಿಯಾಕ್ಕೆ ಅಮೋನಿಯಾದ ಜೊತೆ ಇಂಗಾಲದ ಡೈ ಆಕ್ಸೈಡೂ ಬೇಕು. ಈಗ ಅದು ನೈಸರ್ಗಿಕ ಅನಿಲದಿಂದಲೇ ಸಿಗುತ್ತದೆ. ನೀರನ್ನು ಒಡೆದರೆ ಸಿಗುವುದಿಲ್ಲ, ಬೇರೆಡೆಯಿಂದ ತರಬೇಕು. ಡಿಎಪಿ ಮತ್ತು ಕಾಂಪ್ಲೆಕ್ಸ್ ಗೊಬ್ಬರಗಳಿಗೆ ಆ ಕಟ್ಟಿಲ್ಲ, ಅಮೋನಿಯಾ ಇದ್ದರಾಯಿತು. ಹಾಗಾಗಿ ಶುರು ಅಲ್ಲಿಂದಲೇ ಆಗಬೇಕು. 2025ರಲ್ಲಿ ಭಾರತೀಯ ಸೌರಶಕ್ತಿ ನಿಗಮ ಗೊಬ್ಬರ ಕಾರ್ಖಾನೆಗಳಿಗಾಗಿಯೇ ಹಸಿರು ಅಮೋನಿಯಾದ ಹರಾಜು ನಡೆಸಿದಾಗ ಬೆಲೆ ಕಿಲೋಗೆ 50ರಿಂದ 65 ರೂಪಾಯಿಯ ಆಸುಪಾಸಿಗೆ ಬಂತು. ರೈತ ಒಂದು ಚೀಲ ಯೂರಿಯಾಕ್ಕೆ ಕೊಡುವುದು 300 ರೂಪಾಯಿಗೂ ಕಡಿಮೆ, ಉಳಿದದ್ದು ಸಬ್ಸಿಡಿ. ವಿದೇಶಿ ಅನಿಲಕ್ಕೆ ಹೋಗುತ್ತಿರುವ ಆ ದುಡ್ಡಿನಲ್ಲಿ ಒಂದು ಪಾಲನ್ನು ಗಾಳಿಯಿಂದ ಮಾಡಿದ ಅಮೋನಿಯಾಕ್ಕೆ ತಿರುಗಿಸುವುದು ಈಗ ಸರ್ಕಾರದ ಕೈಯಲ್ಲಿದೆ.