ನಿಮ್ಮ ಬೀಸಿಗೆ ಯಾವ ಗಾಲ್ಫ್ ಕೋಲು?

ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳಲ್ಲಿ ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಿಂದಲೇ ಗೊನೆ ಕೊಯ್ಯುವ ಉದ್ದದ ಕೋಲು, ಬಂದಿದೆ. ನಮ್ಮ ತೋಟಕ್ಕೂ 60 ಅಡಿಯದೊಂದು ತಂದೆವು. ಮೊದಲ ದಿನ ನಾನೇ ಎತ್ತಿ ಹಿಡಿದೆ. ಕೈ ಬಲಕ್ಕೆ ಹೋದರೂ ತುದಿ ಇನ್ನೂ ಎಡಕ್ಕೇ ಇತ್ತು. ಆಮೇಲೆ ರಪ್ಪನೆ ಬಂದು ಗೊನೆ ದಾಟಿ ಹೋಯಿತು. ಗೊನೆ ಕೊಯ್ಯುವ ಕೊನೆಗಾರ ಮಂಜಣ್ಣ ಪಕ್ಕದಿಂದ ಹೇಳಿದರು: "ತಡೀರಿ ಅಯ್ಯಾ, ತುದಿ ಹಿಂದೆ ಉಳೀತದೆ. ಅದು ಬರೋ ಹೊತ್ತಿಗೆ ಕೈ ಸರಿಯಾಗಿರ್ಬೇಕು."

ಗಾಲ್ಫ್ ಕೋಲು ಆರಿಸುವ ವಿಜ್ಞಾನದ ಅರ್ಧ ಭಾಗ ಈ ಮಾತಿನಲ್ಲಿದೆ.

ನನ್ನ ಭಾವನದು ಕಾಫಿ ತೋಟ. ಚಿಕ್ಕಮಗಳೂರಿನ ಗಾಲ್ಫ್ ಮೈದಾನದಲ್ಲಿ ಆಡುತ್ತಾರೆ. ಯಾರೋ ಒಳ್ಳೆಯ ಆಟಗಾರರು ಬಳಸಿದ ಸೆಟ್ ಸಿಕ್ಕಿತು ಅಂತ ಖುಷಿಯಿಂದ ಕೊಂಡಿದ್ದರು. ಆದರೆ ಹೊಡೆದ ಚೆಂಡು ಮೇಲೇಳದೆ ಬಲಕ್ಕೆ ತಿರುಗಿ ಹೋಗುತ್ತಿತ್ತು. "ನನ್ನ ಕೈಯೇ ಸರಿ ಇಲ್ಲ ಕಣೋ" ಅಂದರು. ನಾನು ಕೋಲಿನ ಮೇಲಿನ ಅಕ್ಷರ ನೋಡಿದೆ. ಎಕ್ಸ್ ಅಂತ ಇತ್ತು.

ಕೋಲು ಎಷ್ಟು ಬಾಗುತ್ತದೆ ಅಂತ ಹೇಳಲು ಎಲ್, ಎ, ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿವೆ. ಎಲ್ ತುಂಬಾ ಮೆತ್ತಗೆ, ಎಕ್ಸ್ ತುಂಬಾ ಗಡಸು. ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟೇ ಗಡಸಾಗಿರಬಹುದು.

ಕೆಳಕ್ಕೆ ಬೀಸುವುದು ಸುಮಾರು ಕಾಲು ಸೆಕೆಂಡಿನ ಕೆಲಸ. ಬೀಸು ಶುರುವಾದಾಗ ತುದಿಯ ತಲೆ, ಅಂದರೆ ಚೆಂಡಿಗೆ ಬಡಿಯುವ ಭಾಗ, ಹಿಂದೆ ಉಳಿಯುತ್ತದೆ, ಕೋಲು ಹಿಂದಕ್ಕೆ ಬಾಗುತ್ತದೆ, ದೋಟಿಯ ಹಾಗೇ. ಚೆಂಡಿನ ಹತ್ತಿರ ಬರುವಾಗ ಅದು ತಿರುಗಿ ಬಿಚ್ಚಿಕೊಂಡು, ತುದಿ ಸ್ವಲ್ಪ ಮುಂದಕ್ಕೇ ಬಾಗಿರುತ್ತದೆ. ತಲೆಯ ಭಾರ ಕೋಲಿನ ನೇರಕ್ಕಿಲ್ಲದೆ ಸ್ವಲ್ಪ ಹಿಂದಿರುವುದರಿಂದ, ವೇಗವಾಗಿ ಸುತ್ತುವಾಗ ಆ ಭಾರ ನೇರಕ್ಕೆ ಬರಲು ಎಳೆಯುತ್ತದೆ. ಈ ಮುಂದಿನ ಬಾಗು ತಲೆಯ ಮುಖವನ್ನು ಒಂಚೂರು ಮೇಲಕ್ಕೆತ್ತುತ್ತದೆ, ಒಂಚೂರು ಎಡಕ್ಕೂ ತಿರುಗಿಸುತ್ತದೆ. ನಿಧಾನವಾಗಿ ಬೀಸುವವರ ಕೈಯಲ್ಲಿ ಗಡಸು ಕೋಲು ಅಷ್ಟು ಬಾಗುವುದಿಲ್ಲ. ಆಗ ಚೆಂಡು ತಗ್ಗಾಗಿ, ಬಲಗೈ ಆಟಗಾರರಿಗೆ ಬಲಕ್ಕೆ ಹೋಗುವ ಸಂಭವ ಜಾಸ್ತಿ.

ಮೆತ್ತನೆ ಕೋಲು ಚಾಟಿಯ ಹಾಗೆ ವೇಗ ಕೊಡುತ್ತದೆ ಅಂತ ಹಲವರು ನಂಬಿದ್ದಾರೆ. ಕೋಲು ಬಿಚ್ಚಿಕೊಳ್ಳುವುದರಿಂದ ಸಿಗುವ ವೇಗ ತೀರಾ ಕಡಿಮೆ. ವೇಗ ಬರುವುದು ಮೈಯಿಂದ. ಕೋಲಿನ ಕೆಲಸ ಮುಖವನ್ನು ಸರಿಯಾದ ಹೊತ್ತಿಗೆ ಸರಿಯಾದ ದಿಕ್ಕಿಗೆ ತರುವುದು.

ಆ ಹೊತ್ತು ಎಷ್ಟು ಸಣ್ಣದು ಗೊತ್ತಾ? ಚೆಂಡಿಗೂ ತಲೆಗೂ ಇರುವ ಸ್ಪರ್ಶ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಗಂಟೆಗೆ 144 ಕಿ.ಮೀ. ವೇಗದ ಬೀಸಿನಲ್ಲಿ ಅಷ್ಟರೊಳಗೆ ತಲೆ ಚಲಿಸುವುದು ಬರೀ 2 ಸೆಂ.ಮೀ. ಪೆಟ್ಟಿನ ಅನುಭವ ಕೈಗೆ ತಲುಪುವ ಮೊದಲೇ ಚೆಂಡು ಹೊರಟಿರುತ್ತದೆ. ಆಮೇಲೆ ತಿದ್ದಲು ಏನೂ ಉಳಿದಿಲ್ಲ, ಅಲ್ವಾ? ಅದಕ್ಕೇ ಕೋಲನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಮರದ ಕೋಲಿನ ಕಾಲದಲ್ಲಿ ಹಿಕರಿ ಎಂಬ ಮರ ಬಳಸುತ್ತಿದ್ದರು. ಎರಡು ಕೋಲು ಒಂದೇ ತರ ಇರುತ್ತಿರಲಿಲ್ಲ. ನಾವು ಕೊಡಲಿಗೆ ಕಾವು ಆರಿಸುವಂತೆ ಒಂದೊಂದನ್ನೂ ಬೀಸಿ ನೋಡಿ ಆರಿಸಬೇಕಿತ್ತು. ಅಮೆರಿಕದ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ನಾಲ್ಕು ದೊಡ್ಡ ಪಂದ್ಯ ಗೆದ್ದದ್ದು ಅಂಥ ಕೋಲುಗಳಲ್ಲೇ. ಅಷ್ಟರಲ್ಲಿ ಉಕ್ಕಿನ ಕೋಲಿಗೂ ಒಪ್ಪಿಗೆ ಸಿಕ್ಕಿತ್ತು.

ಬಾಗು ಬಿಟ್ಟರೆ ನಾನು ಮುಖ್ಯ ಅನ್ನುವುದು ತಲೆ ನೆಲಕ್ಕೆ ಕೂರುವ ಓರೆ. ಇದನ್ನು ನೋಡಲು ಯಂತ್ರ ಬೇಡ. ಭಾವನ ಜೊತೆ ನಾನು ಮಾಡಿದ್ದು ಇಷ್ಟೇ. ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದೆ. ಆ ಗೆರೆ ನೆಟ್ಟಗೆ ನಿಂತು ಕೋಲಿನ ಕಡೆ ಕಾಣುವಂತೆ ಇಟ್ಟೆ. ಹೊಡೆದ ಮೇಲೆ ಕೋಲಿನ ತಲೆಯ ಮುಖದ ಮೇಲೆ ಮಸಿ ಅಚ್ಚಾಗಿತ್ತು. ಅಚ್ಚು ನೆಟ್ಟಗಿದ್ದರೆ ಓರೆ ಸರಿ. ಇವರದು ವಾಲಿತ್ತು, ಬೆರಳಿನಲ್ಲಿ ಅಳೆಯಬಹುದಾದಷ್ಟು. ತಲೆಯ ಹೊರತುದಿ ನೆಲದ ಕಡೆ ಬಾಗಿ ಹೊಡೆಯುತ್ತಿತ್ತು ಅಂತ ಅದರ ಅರ್ಥ. ಹಾಗಾದರೆ ಮುಖ ಬಲಕ್ಕೆ ನೋಡುತ್ತದೆ. ಮುಖ ಹಿಂದಕ್ಕೆ ಹೆಚ್ಚು ಮಲಗಿದ ಕೋಲುಗಳಲ್ಲಿ ಈ ತಪ್ಪು ಇನ್ನೂ ಜಾಸ್ತಿ.

ಉದ್ದ ಆರಿಸಲು ಎತ್ತರ ಒಂದೇ ಸಾಲದು. ಬೂಟು ಹಾಕಿ ನೆಟ್ಟಗೆ ನಿಂತು, ಮಣಿಕಟ್ಟಿನಿಂದ ನೆಲದವರೆಗೆ ಅಳೆಯಬೇಕು. ಎತ್ತರದವರಿಗೆ ಕೈಯೂ ಉದ್ದ ಇದ್ದರೆ ಮಾಮೂಲಿ ಕೋಲೇ ಸಾಕಾಗಬಹುದು. ನಿಧಾನ ಬೀಸಿನವರು ಡ್ರೈವರ್‌ನಲ್ಲಿ, ಅಂದರೆ ತುಂಬಾ ದೂರ ಹೊಡೆಯುವ ಕೋಲಿನಲ್ಲಿ, ಮುಖ 9 ಡಿಗ್ರಿ ಮಲಗಿದ್ದನ್ನು ಬಿಟ್ಟು 12ರ ಹತ್ತಿರದ್ದು ನೋಡಬೇಕು. ಚೆಂಡು ಗಾಳಿಯಲ್ಲಿ ನಿಲ್ಲಲು ಅವರಿಗೆ ಆ ಎತ್ತರ ಬೇಕು. ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇಡಬಹುದು ಅಂತ ನಿಯಮ ಇದೆ. ಹೊಸಬರು ಸುಮ್ನೆ ಅಷ್ಟೂ ಕೊಳ್ಳಬೇಡಿ, ಹೊಂದುವ ಆರೇಳು ಸಾಕು.

ಭಾವ ಗೆಳೆಯರೊಬ್ಬರ ಆರ್ ಕೋಲು ಇಸಿದುಕೊಂಡು ಹೊಡೆದರು. ಮೂರನೇ ಚೆಂಡು ಮೇಲೆದ್ದು ಸಿಲ್ವರ್ ಓಕ್ ಸಾಲಿನ ನೇರಕ್ಕೇ ಹೋಯಿತು. ಅವರು ಕೋಲು ತಿರುಗಿಸಿ ಮುಖದ ಮೇಲಿನ ಮಸಿ ನೋಡಿದರು. ಗೆರೆ ಇನ್ನೂ ಸ್ವಲ್ಪ ವಾಲಿತ್ತು.