ಟೆಕ್ಸಸ್‌ನ ಹಳ್ಳಿಗಾಡಿನ ಕೌಂಟಿಯಲ್ಲಿ ವಾರಂಟ್: ಮೊದಲು ಕೋರ್ಟ್ ಯಾವುದು ಎಂದು ಹುಡುಕಿ

ಅಮೆರಿಕದ ಕೋರ್ಟ್ ವ್ಯವಸ್ಥೆ ಓದುವಾಗ ಬೆಂಚ್ ವಾರಂಟ್ ಪಾಠ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅಪರಾಧದ ಆಧಾರ ತೋರಿಸಿ ಪೊಲೀಸರು ಕೇಳಿ ಪಡೆಯುವುದು ಅರೆಸ್ಟ್ ವಾರಂಟ್. ಬರಬೇಕಾದ ದಿನ ಬಾರದವರ ಮೇಲೆ, ಕೋರ್ಟಿನ ಆದೇಶ ಪಾಲಿಸದವರ ಮೇಲೆ ನ್ಯಾಯಾಧೀಶರೇ ಹೊರಡಿಸುವುದು ಬೆಂಚ್ ವಾರಂಟ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ನಿಜವಾದ ಒಂದು ಕೌಂಟಿಯನ್ನು (ನಮ್ಮ ಜಿಲ್ಲೆಯಂಥದ್ದು) ಎದುರಿಗೆ ಇಟ್ಟುಕೊಂಡು ಓದಿದರೆ ಬೇರೆಯದೇ ಪ್ರಶ್ನೆ ಏಳುತ್ತದೆ. ವಾರಂಟ್ ಇದೆ ಸರಿ, ಅದು ಯಾವ ಕೋರ್ಟಿನದು? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಆದ ಹಾಗೆ. ಈ ಟಿಪ್ಪಣಿ ಬರೆಯುತ್ತಿರುವುದೇ ಅದಕ್ಕೆ.

ನಾನು ಆರಿಸಿಕೊಂಡಿರುವುದು ಪಶ್ಚಿಮ ಟೆಕ್ಸಸ್‌ನ ಬ್ರೂಸ್ಟರ್ ಕೌಂಟಿ. ಟೆಕ್ಸಸ್‌ನ 254 ಕೌಂಟಿಗಳಲ್ಲಿ ವಿಸ್ತೀರ್ಣದಲ್ಲಿ ಇದೇ ದೊಡ್ಡದು, ಸುಮಾರು 16,000 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನಸಂಖ್ಯೆ ಮಾತ್ರ 2020ರ ಗಣತಿಯಲ್ಲಿ ಸುಮಾರು 9,500. ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ಇರುವುದು ಇಲ್ಲೇ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ನಲ್ಲಿರುವ ಕನ್ನಡದವರು ರಜೆ ಸಿಕ್ಕಾಗ ಕಾರು ಹತ್ತಿ ಹೋಗುವ ಜಾಗ. ಖಾಲಿ ರಸ್ತೆ, ನೂರಾರು ಮೈಲಿ ದೂರ. ನಡುವೆ ಸಣ್ಣ ಊರು ಬಂದಾಗ ವೇಗದ ಮಿತಿ ಸರಕ್ಕನೆ ಇಳಿಯುತ್ತದೆ. ಟಿಕೆಟ್, ಅಂದರೆ ನಿಯಮ ಮೀರಿದ್ದಕ್ಕೆ ಪೊಲೀಸರು ಬರೆದುಕೊಡುವ ಚೀಟಿ, ಸಿಗುವುದು ಅಲ್ಲೇ.

ಒಂದು ಎಚ್ಚರಿಕೆ. ಟೆಕ್ಸಸ್‌ನಲ್ಲಿ ಈ ವಾರಂಟಿಗೆ ಕ್ಲರ್ಕ್‌ಗಳು ಬಳಸುವ ಹೆಸರು ಬೇರೆ. ಕೇಸು ದಾಖಲಾದ ಮೇಲೆ ಆರೋಪಿಯನ್ನು ಹಿಡಿದು ತರಲು ಕೊಡುವ ಆದೇಶ ಕೇಪಿಯಸ್. ತೀರ್ಪಾದ ಮೇಲೂ ಫೈನ್ ಕಟ್ಟದಿದ್ದರೆ ಕೊಡುವುದು ಕೇಪಿಯಸ್ ಪ್ರೊ ಫೈನ್. ಅಲ್ಲಿ ಬೆಂಚ್ ವಾರಂಟ್ ಎಂದರೆ ಎಷ್ಟೋ ಸಲ ಬೇರೆ ಜೈಲಿನಲ್ಲಿರುವ ಕೈದಿಯನ್ನು ಕೋರ್ಟಿಗೆ ಕರೆಸುವ ಆದೇಶ ಎಂದೇ ಅರ್ಥ. ಫೋನಿನಲ್ಲಿ ತಪ್ಪು ಹೆಸರು ಹೇಳಿದರೆ "ಇಲ್ಲ" ಎಂಬ ಉತ್ತರ ಬರಬಹುದು. ನೀವು ಅದನ್ನೇ ನಂಬಿ ಕೂತುಬಿಡಬಹುದು.

ಕೌಂಟಿ ಒಂದೇ, ಕೋರ್ಟು ಹಲವು

ಒಂದೇ ದಿನ ಒಂದೇ ಕಾರಿನಲ್ಲಿ ಹೋದರೂ ಟಿಕೆಟ್ ಕೊಟ್ಟವರು ಯಾರು ಎನ್ನುವುದರ ಮೇಲೆ ಕೋರ್ಟು ಬದಲಾಗುತ್ತದೆ. ಹೆದ್ದಾರಿಯಲ್ಲಿ ರಾಜ್ಯದ ಟ್ರೂಪರ್ (ಹೆದ್ದಾರಿ ಪೊಲೀಸ್) ಅಥವಾ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಡೆಪ್ಯುಟಿ ನಿಲ್ಲಿಸಿದರೆ ಅದು ಸಣ್ಣ ಕೇಸುಗಳನ್ನು ನೋಡುವ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿಗೆ ಹೋಗುತ್ತದೆ. ಜೆಪಿ ಎನ್ನುತ್ತಾರೆ. ಕೌಂಟಿಯನ್ನು ಪ್ರಿಸಿಂಕ್ಟ್‌ಗಳಾಗಿ ಹಂಚಿರುವುದರಿಂದ ಎಷ್ಟನೇ ಪ್ರಿಸಿಂಕ್ಟ್ ಎಂಬುದೂ ಮುಖ್ಯ. ಕೌಂಟಿ ಕೇಂದ್ರ ಆಲ್ಪೈನ್. ಅದರ ಪೊಲೀಸರು ಊರೊಳಗೆ ಹಿಡಿದರೆ ಕೇಸು ಆಲ್ಪೈನ್‌ನ ಮುನಿಸಿಪಲ್ ಕೋರ್ಟಿನದು. ಬಿಗ್ ಬೆಂಡ್ ಉದ್ಯಾನದ ಗಡಿಯೊಳಗೆ ಪಾರ್ಕ್ ರೇಂಜರ್ ಬರೆದುಕೊಟ್ಟರೆ ಅದು ಕೌಂಟಿಯದೇ ಅಲ್ಲ, ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೇಸು. ಅದರ ಲೆಕ್ಕ ನೋಡಿಕೊಳ್ಳುವುದು ಸೆಂಟ್ರಲ್ ವಯೊಲೇಷನ್ಸ್ ಬ್ಯೂರೋ. ತಪ್ಪಿಸಿಕೊಂಡರೆ ಹೊರಡುವುದು ಫೆಡರಲ್ ವಾರಂಟ್. ಕೌಂಟಿಯ ಕಡತಗಳನ್ನೆಲ್ಲಾ ಜಾಲಾಡಿದರೂ ಅದು ಸಿಗುವುದಿಲ್ಲ.

ಫೆಡರಲ್ ಕೇಸು ಬಿಟ್ಟರೆ ಇವೆಲ್ಲ ಫೈನ್ ಮಾತ್ರ ಇರುವ ಸಣ್ಣ ಕೇಸುಗಳು. ಟೆಕ್ಸಸ್‌ನಲ್ಲಿ ಕ್ಲಾಸ್ ಸಿ ಎನ್ನುತ್ತಾರೆ. ಜೈಲು ಶಿಕ್ಷೆ ಇರುವ ಕ್ಲಾಸ್ ಎ, ಬಿ ಕೇಸುಗಳು ಕೌಂಟಿ ಕೋರ್ಟಿಗೆ ಹೋಗುತ್ತವೆ. ದೊಡ್ಡ ಅಪರಾಧಗಳು 394ನೇ ಡಿಸ್ಟ್ರಿಕ್ಟ್ ಕೋರ್ಟಿಗೆ. ಈ ಒಂದು ಕೋರ್ಟು ಬ್ರೂಸ್ಟರ್ ಸೇರಿ ಐದು ಕೌಂಟಿಗಳನ್ನು ನೋಡಿಕೊಳ್ಳುತ್ತದೆ. ಕ್ಲಾಸ್ ಬಿ ಅಥವಾ ಅದಕ್ಕೂ ಮೇಲಿನ ಕೇಸಿದ್ದರೆ ಈ ಟಿಪ್ಪಣಿ ಬದಿಗಿಡಿ, ಮೊದಲು ವಕೀಲರನ್ನು ನೋಡಿ.

ಟಿಕೆಟ್ ವಾರಂಟ್ ಆಗುವ ಬಗೆ

ರಸ್ತೆ ಬದಿಯಲ್ಲಿ ಟಿಕೆಟ್ ಮೇಲೆ ಹಾಕುವ ಸಹಿ ತಪ್ಪೊಪ್ಪಿಗೆ ಅಲ್ಲ. ಇಂಥ ದಿನದೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ ಎಂದು ಕೊಟ್ಟ ಮಾತು. ಮಾತು ತಪ್ಪಿದರೆ ಅದೇ ಇನ್ನೊಂದು ಕೇಸು. ತುಂಬಾ ಜನ ಎಡವುವುದು ಇಲ್ಲೇ. ಹಳೇ ವೇಗದ ಟಿಕೆಟ್ ಕಟ್ಟಿ ಮುಗಿಯಿತು ಅಂದುಕೊಳ್ಳುತ್ತಾರೆ, ಎರಡನೇ ಕೇಸು ಹಾಗೇ ಉಳಿದಿರುತ್ತದೆ.

ಆದರೆ ಮೊದಲ ದಿನ ತಪ್ಪಿದ ಕೂಡಲೇ ವಾರಂಟ್ ಹೊರಡುವ ಹಾಗಿಲ್ಲ. ಟೆಕ್ಸಸ್ ಕಾನೂನಿನ ಪ್ರಕಾರ ಜೆಪಿ ಅಥವಾ ಮುನಿಸಿಪಲ್ ನ್ಯಾಯಾಧೀಶರು ಮೊದಲು ಫೋನ್ ಅಥವಾ ಅಂಚೆಯ ಮೂಲಕ ತಿಳಿಸಿ, ಹೊಸ ದಿನಾಂಕ ಕೊಡಬೇಕು. ಅದೂ ತಪ್ಪಿದರೆ ಮಾತ್ರ ವಾರಂಟ್. ಈ ರಕ್ಷಣೆ ಒಳ್ಳೆಯದೇ. ಆದರೆ ಪತ್ರ ಹೋಗುವುದು ಕೋರ್ಟಿನ ಬಳಿ ಇರುವ ವಿಳಾಸಕ್ಕೆ. ಬಾಡಿಗೆ ಹೆಚ್ಚಾಯಿತೆಂದೋ ಆಫೀಸು ದೂರ ಆಯಿತೆಂದೋ ನಮ್ಮವರು ಅಪಾರ್ಟ್‌ಮೆಂಟ್ ಬದಲಿಸುತ್ತಲೇ ಇರುತ್ತಾರೆ. ವಿಳಾಸ ಬದಲಾದ 30 ದಿನದೊಳಗೆ ಲೈಸೆನ್ಸ್ ವಿಭಾಗಕ್ಕೆ ತಿಳಿಸಬೇಕು ಎಂಬ ನಿಯಮವಿದೆ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಅದನ್ನು ಮರೆಯುವವರೇ ಜಾಸ್ತಿ. ಪತ್ರ ಹಳೇ ಮನೆಗೆ ಹೋಗುತ್ತದೆ, ವಾರಂಟ್ ಹೊರಡುತ್ತದೆ, ಇವರಿಗೆ ಸುದ್ದಿಯೇ ಇರುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಸಾಮಾನ್ಯ ವೇಗದ ಟಿಕೆಟ್‌ಗೆ ಫೈನ್‌ನ ಮೇಲ್ಮಿತಿ 200 ಡಾಲರ್. ಮಾತು ತಪ್ಪಿದ ಕೇಸಿಗೂ 200 ಬಿತ್ತು ಎಂದುಕೊಳ್ಳಿ, 400 ಆಯಿತು. ವಾರಂಟ್ ಶುಲ್ಕ 50. ಲೈಸೆನ್ಸ್ ನವೀಕರಣ ತಡೆಯುವ ರಾಜ್ಯದ ವ್ಯವಸ್ಥೆಗೆ ಹೆಸರು ಹೋಗಿದ್ದರೆ 10. ಬಾಕಿ 60 ದಿನ ಮೀರಿ ಖಾಸಗಿ ವಸೂಲಿಯವರ ಕೈಗೆ ಹೋಗಿದ್ದರೆ ಅದರ ಮೇಲೆ ಶೇ 30, ಫೈನ್‌ನ 400ಕ್ಕಷ್ಟೇ ಲೆಕ್ಕ ಹಾಕಿದರೂ 120. ಒಟ್ಟು ಕನಿಷ್ಠ 580. ಕೋರ್ಟ್ ಖರ್ಚು ಇನ್ನೂ ಸೇರಿಸಿಲ್ಲ.

ವಾರಂಟಿಗೆ ವಾಯಿದೆ ಇಲ್ಲ. ಸುಮ್ಮನಿದ್ದರೆ ತಾನಾಗಿ ಸಾಯುವುದಿಲ್ಲ. ಆಲ್ಪೈನ್‌ನ ಜೆಪಿ ಹೊರಡಿಸಿದ ವಾರಂಟ್ ಟೆಕ್ಸಸ್‌ನ ಯಾವ ಮೂಲೆಯಲ್ಲೂ ಚಲಾವಣೆಯಾಗುತ್ತದೆ. ಡಲ್ಲಾಸಿನಲ್ಲಿ ಹಿಂದಿನ ದೀಪ ಕೆಟ್ಟಿದೆ ಎಂದು ನಿಲ್ಲಿಸಿದ ಪೊಲೀಸರ ಕಂಪ್ಯೂಟರ್‌ನಲ್ಲೂ ಅದು ಕಾಣಿಸಿಕೊಳ್ಳಬಹುದು.

ಹುಡುಕುವುದು

ಟಿಕೆಟ್ ಕೈಯಲ್ಲಿದ್ದರೆ ಹುಡುಕುವುದೇ ಬೇಡ, ಕೋರ್ಟಿನ ಹೆಸರು, ಪ್ರಿಸಿಂಕ್ಟ್, ಫೋನ್ ಎಲ್ಲಾ ಅದರ ಮೇಲೇ ಇರುತ್ತದೆ. ಕಳೆದುಹೋಗಿದ್ದರೆ ಯಾವ ರಸ್ತೆ, ಯಾವ ತಿಂಗಳು, ನಿಲ್ಲಿಸಿದವರ ಗಾಡಿ ಮೇಲೆ ಏನು ಬರೆದಿತ್ತು ಎಂದು ನೆನಪು ಮಾಡಿಕೊಳ್ಳಿ. ಮೇಲಿನ ಪಟ್ಟಿಗೆ ಹೊಂದಿಸಿದರೆ ಕೋರ್ಟು ಯಾವುದೆಂದು ತಿಳಿಯುತ್ತದೆ. ಆಮೇಲೆ ಆ ಕೋರ್ಟಿನ ಕ್ಲರ್ಕ್‌ಗೆ ಫೋನ್ ಮಾಡಿ. ಹಳ್ಳಿಗಾಡಿನ ಕೌಂಟಿಯಲ್ಲಿ ಕಚೇರಿ ಎಂದರೆ ಒಬ್ಬರೋ ಇಬ್ಬರೋ. ಊಟದ ಹೊತ್ತಿಗೆ ಫೋನ್ ಎತ್ತುವವರು ಇರದೇ ಇರಬಹುದು, ಮತ್ತೆ ಮಾಡಿ. ದೊಡ್ಡ ನಗರಗಳ ಹಾಗೆ ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತದೆ ಎಂದು ನಂಬಬೇಡಿ. ಹುಡುಕಿದಾಗ ಹೆಸರು ಬರಲಿಲ್ಲ ಅಂದರೆ ವಾರಂಟ್ ಇಲ್ಲ ಅಂತಲ್ಲ.

ಹೆಸರಿನ ವಿಷಯದಲ್ಲಿ ನಮಗೆ ವಿಶೇಷ ತೊಡಕಿದೆ. ಊರ ಹೆಸರು, ತಂದೆ ಹೆಸರು, ಇನಿಷಿಯಲ್, ಹೀಗೆ ನಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಲೈಸೆನ್ಸ್‌ನಲ್ಲಿ ಒಂದು ರೀತಿ. ಒಂದೇ ಹೆಸರಿರುವವರಿಗೆ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರಿಸಿರುತ್ತಾರೆ. ಕ್ಲರ್ಕ್ ಹೆಸರು ಹಾಕಿ ನೋಡಿ ಏನೂ ಇಲ್ಲ ಎಂದರೆ ಅಲ್ಲಿಗೇ ಬಿಡಬೇಡಿ. ಟಿಕೆಟ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಹುಟ್ಟಿದ ದಿನಾಂಕ ಕೊಟ್ಟು ಇನ್ನೊಮ್ಮೆ ನೋಡಿಸಿ. ಲೈಸೆನ್ಸ್ ನವೀಕರಣಕ್ಕೆ ತಡೆ ಇದೆಯೇ ಎಂದು ನೋಡಲು ರಾಜ್ಯದ ಫೇಲ್ಯೂರ್ ಟು ಅಪಿಯರ್ ಜಾಲತಾಣವೂ ಇದೆ. ಅಲ್ಲಿ ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಸಾಕು. ತಡೆ ಹಾಕಿಸಿದ ಕೋರ್ಟ್ ಯಾವುದು ಎಂಬುದೂ ಗೊತ್ತಾಗುತ್ತದೆ.

ಶೆರಿಫ್ ಕಚೇರಿಗೆ ನೇರ ಹೋಗಿ "ನನ್ನ ಮೇಲೆ ವಾರಂಟ್ ಇದೆಯಾ" ಎಂದು ಕೇಳುವುದು ಬೇಡ. ಇದ್ದರೆ ಹಿಡಿಯುವುದು ಅವರ ಕೆಲಸ. ವಾರಂಟ್ ತೆಗೆಯುವ ಅಧಿಕಾರ ಅವರಿಗಿಲ್ಲ, ನ್ಯಾಯಾಧೀಶರಿಗಷ್ಟೇ.

ಇನ್ನು, ಕೋರ್ಟಿನವರು, ಪೊಲೀಸರು ಎಂದು ಹೇಳಿಕೊಂಡು ಯಾರಾದರೂ ತಾವಾಗಿ ಫೋನ್ ಮಾಡಿ "ನಿಮ್ಮ ಮೇಲೆ ವಾರಂಟ್ ಇದೆ, ಈಗಲೇ ಗಿಫ್ಟ್ ಕಾರ್ಡ್‌ನಲ್ಲಿ ದುಡ್ಡು ಕಟ್ಟಿ" ಎಂದರೆ ಅದು ವಂಚನೆ. ಫೋನಿನ ಪರದೆ ಮೇಲೆ ಶೆರಿಫ್ ಕಚೇರಿಯ ನಂಬರೇ ಕಂಡರೂ ನಂಬಬೇಡಿ. ಇಟ್ಟುಬಿಡಿ, ಆಮೇಲೆ ನೀವೇ ಕೋರ್ಟಿನ ನಂಬರ್ ಹುಡುಕಿ ಕೇಳಿ.

ಬಿಡಿಸಿಕೊಳ್ಳುವುದು

ಕರ್ನಾಟಕದ ಕೋರ್ಟುಗಳನ್ನು ಕಂಡವರಿಗೆ ವಾರಂಟ್ ರೀಕಾಲ್ ಅರ್ಜಿ ಗೊತ್ತೇ ಇದೆ. ಕೋರ್ಟು ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ವಾರಂಟ್ ಜೀವಂತ ಎಂದು ನಮ್ಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಂ ಹೇಳುತ್ತಿತ್ತು. ಈಗ ಅದು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 72. ಟೆಕ್ಸಸ್‌ನಲ್ಲೂ ತರ್ಕ ಅದೇ. ಟೆಕ್ಸಸ್‌ನ ಸಣ್ಣ ಕೋರ್ಟುಗಳ ಕಾನೂನಿನಲ್ಲಿ ಇನ್ನೂ ಒಂದು ಅನುಕೂಲ ಇದೆ. ವಾರಂಟ್ ಜಾರಿಯಾಗುವ ಮುಂಚೆ ತಾನಾಗಿ ಬಂದು, ಪ್ರಾಮಾಣಿಕವಾಗಿ ಬಗೆಹರಿಸಲು ಪ್ರಯತ್ನಿಸಿ, ಕಾನೂನು ಒಪ್ಪುವ ಯಾವುದಾದರೂ ದಾರಿಯಲ್ಲಿ ಅದು ಇತ್ಯರ್ಥವಾದರೆ ನ್ಯಾಯಾಧೀಶರು ವಾರಂಟ್ ವಾಪಸ್ ಪಡೆಯಲೇಬೇಕು. ಈ ನಿಯಮಗಳು 2025ರ ಜನವರಿ 1ರಿಂದ ಟೆಕ್ಸಸ್‌ನ ದಂಡ ಪ್ರಕ್ರಿಯಾ ಸಂಹಿತೆಯ ಅಧ್ಯಾಯ 45ಎ ಎಂಬ ಹೊಸ ಜಾಗಕ್ಕೆ ಹೋಗಿವೆ. ಹಳೇ ನೋಟ್ಸ್‌ನಲ್ಲಿ 45 ಎಂದಿದ್ದರೆ ಗಲಿಬಿಲಿಯಾಗಬೇಡಿ.

ಕ್ಲರ್ಕ್ ಬಳಿ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ನನ್ನ ಹೆಸರಲ್ಲಿ ಎಷ್ಟು ಕೇಸಿವೆ, ಒಂದೊಂದರ ನಂಬರ್ ಏನು, ಯಾವುದರ ಮೇಲೆ ವಾರಂಟ್ ಜಾರಿಯಲ್ಲಿದೆ, ತೆಗೆಸಲು ಈ ನ್ಯಾಯಾಧೀಶರು ಏನು ಕೇಳುತ್ತಾರೆ. ಕೊನೆಯದು ಕೋರ್ಟಿನಿಂದ ಕೋರ್ಟಿಗೆ ಬದಲಾಗುತ್ತದೆ. ಒಬ್ಬರು ಬಾಂಡ್ (ಹಾಜರಾಗುವ ಖಾತರಿಯ ಠೇವಣಿ) ಕಟ್ಟಿ ಹೊಸ ದಿನಾಂಕ ತೆಗೆದುಕೊಳ್ಳಿ ಎನ್ನಬಹುದು. ಇನ್ನೊಬ್ಬರು ಅಂಚೆಯಲ್ಲಿ ಉತ್ತರ ಕಳಿಸಿದರೂ ಒಪ್ಪಬಹುದು. ಡಲ್ಲಾಸಿನಿಂದ ಇಡೀ ದಿನ ಕಾರು ಓಡಿಸಬೇಕಾದವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಅಲ್ಲಿನ ಸ್ಥಳೀಯ ವಕೀಲರು ನಿಮ್ಮ ಪರ ಹಾಜರಾಗಿ ಮುಗಿಸುವ ದಾರಿಯೂ ಇದೆ.

ಅವಸರಕ್ಕೆ ಸುಮ್ನೆ ಪೂರ್ತಿ ದುಡ್ಡು ಕಟ್ಟಿಬಿಡುವುದು ಸುಲಭ. ಆದರೆ ಫೈನ್ ಕಟ್ಟಿದರೆ ತಪ್ಪಿತಸ್ಥ ಎಂದೇ ದಾಖಲೆಯಾಗುತ್ತದೆ. ಅದಕ್ಕೆ ಮುಂಚೆ ಡಿಫರ್ಡ್ ಡಿಸ್ಪೊಸಿಷನ್ ಕೊಡುತ್ತೀರಾ ಎಂದು ಕೇಳಿ. ನ್ಯಾಯಾಧೀಶರು 180 ದಿನದವರೆಗೆ ಷರತ್ತು ಹಾಕಿ, ಪಾಲಿಸಿದರೆ ಕೇಸು ವಜಾ ಮಾಡುತ್ತಾರೆ. ಡ್ರೈವಿಂಗ್ ಸೇಫ್ಟಿ ಕೋರ್ಸ್ ಮಾಡಿ ಕೇಸು ತೆಗೆಸುವ ಹಕ್ಕೂ ಇದೆ. ಆದರೆ ಅದನ್ನು ಹಾಜರಾಗಬೇಕಾದ ದಿನದೊಳಗೇ ಕೇಳಿರಬೇಕು. ದಿನ ತಪ್ಪಿದ ಮೇಲೆ ಅದು ನಿಮ್ಮ ಹಕ್ಕಲ್ಲ, ನ್ಯಾಯಾಧೀಶರ ಮರ್ಜಿ.

ಕೈಯಲ್ಲಿ ದುಡ್ಡಿಲ್ಲದಿದ್ದರೆ? ಕೋರ್ಟಿಗೆ ಹೆದರಿ ದೂರ ಉಳಿಯುವವರಲ್ಲಿ ತುಂಬಾ ಜನರ ಸಂಕಟ ಇದೇ. ಇದರ ಮುಖ್ಯ ತೀರ್ಪು ಟೆಕ್ಸಸ್‌ನಿಂದಲೇ ಬಂದಿದೆ. ಹ್ಯೂಸ್ಟನ್‌ನ ಪ್ರೆಸ್ಟನ್ ಟೇಟ್ ಎಂಬವರ ಮೇಲೆ ಟ್ರಾಫಿಕ್ ಫೈನ್ 425 ಡಾಲರ್ ಸೇರಿತ್ತು. ಕಟ್ಟಲು ಆಗಲಿಲ್ಲ. ದಿನಕ್ಕೆ 5 ಡಾಲರ್ ಲೆಕ್ಕದಲ್ಲಿ 85 ದಿನ ಸೆರೆಯಲ್ಲಿ ದುಡಿದು ತೀರಿಸಬೇಕೆಂದು ಕಳಿಸಿದರು. ಬರೀ ಫೈನ್ ಶಿಕ್ಷೆಯಿರುವ ಅಪರಾಧಕ್ಕೆ, ಬಡವ ಎಂಬ ಒಂದೇ ಕಾರಣಕ್ಕೆ ಜೈಲು ಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿತು. ಈಗ ಟೆಕ್ಸಸ್‌ನಲ್ಲಿ ಕೇಪಿಯಸ್ ಪ್ರೊ ಫೈನ್ ಹೊರಡಿಸುವ ಮುಂಚೆ ಕಟ್ಟುವ ಶಕ್ತಿ ಇದೆಯೇ ಎಂದು ವಿಚಾರಣೆ ನಡೆಸಬೇಕು. ಕಂತು, ಸಮುದಾಯ ಸೇವೆ, ಮನ್ನಾ, ಮೂರೂ ಸಾಧ್ಯ. ಆದರೆ ನೀವು ಹೋಗಿ ಬಾಯಿಬಿಟ್ಟು ಹೇಳಬೇಕು. ಸಂಬಳದ ಚೀಟಿ, ಬಾಡಿಗೆ ಕರಾರು ಜೊತೆಗಿರಲಿ.

ವೀಸಾ, ಗ್ರೀನ್ ಕಾರ್ಡ್ ಮೇಲೆ ಇರುವವರಿಗೆ

ಪೌರತ್ವದ ಎನ್-400 ಅರ್ಜಿಯ ಸೂಚನೆಗಳಲ್ಲಿ ಒಂದು ರಿಯಾಯಿತಿ ಇದೆ. ಮದ್ಯ, ಡ್ರಗ್ಸ್ ಸಂಬಂಧ ಇಲ್ಲದ ಟ್ರಾಫಿಕ್ ಪ್ರಕರಣಕ್ಕೆ, ಬಂಧನವೂ ಆಗದೆ, 500 ಡಾಲರ್‌ಗಿಂತ ಕಡಿಮೆ ಫೈನ್ ಮಾತ್ರ ಬಿದ್ದಿದ್ದರೆ ದಾಖಲೆ ಲಗತ್ತಿಸಬೇಕಿಲ್ಲ. ಅದೇ ಟಿಕೆಟ್ ವಾರಂಟ್ ಆಗಿ ಬಂಧನವಾದರೆ ಈ ರಿಯಾಯಿತಿ ಹೋಯಿತು. ಪ್ರಕರಣ ಅಷ್ಟೇ ಸಣ್ಣದು, ಆದರೆ ಫೈಲು ದಪ್ಪವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಎಫ್‌ಬಿಐನ ಅಪರಾಧ ಮಾಹಿತಿ ಕೋಶದಲ್ಲಿ ಹೆಸರು ತಾಳೆ ನೋಡಿ ಅಮೆರಿಕ ಸರ್ಕಾರದವರು ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವಿದ್ಯಾರ್ಥಿ ಸ್ಥಾನಮಾನದ ದಾಖಲೆ ರದ್ದು ಮಾಡಿದ್ದರು. ಕೆಲವರ ಹೆಸರಲ್ಲಿ ಇದ್ದದ್ದು ಬರೀ ಸಣ್ಣ ಟ್ರಾಫಿಕ್ ಪ್ರಕರಣ. ಕೋರ್ಟುಗಳಲ್ಲಿ ಪ್ರಶ್ನಿಸಿದ ಮೇಲೆ ಆ ತಿಂಗಳ ಕೊನೆಗೆ ವಾಪಸ್ ಕೊಟ್ಟರು. ಆ ವಾರಗಳಲ್ಲಿ ಮಕ್ಕಳು ಎಷ್ಟು ಭಯಪಟ್ಟರು ಎಂದು ಆಗ ಕ್ಯಾಂಪಸ್‌ಗಳಲ್ಲಿದ್ದವರಿಗೆ ಗೊತ್ತು.

ಹಾಗಾಗಿ ಇತ್ಯರ್ಥವಾದ ದಿನವೇ ಕ್ಲರ್ಕ್ ಬಳಿ ಎರಡು ಕಾಗದ ಕೇಳಿ ಪಡೆಯಿರಿ. ಒಂದು, ವಾರಂಟ್ ವಾಪಸ್ ಪಡೆದ ಆದೇಶದ ಪ್ರತಿ. ಇನ್ನೊಂದು, ಪ್ರತಿ ಕೇಸಿನ ಅಂತಿಮ ಆದೇಶದ ದೃಢೀಕೃತ ಪ್ರತಿ. ನ್ಯಾಯಾಧೀಶರು ಸಹಿ ಹಾಕಿದ ಕ್ಷಣವೇ ಪೊಲೀಸರ ಕಂಪ್ಯೂಟರ್‌ನಿಂದ ವಾರಂಟ್ ಅಳಿಸಿಹೋಗುತ್ತದೆ ಎಂದೇನಿಲ್ಲ. ಲೈಸೆನ್ಸ್ ತಡೆ ತೆರವಾಗಲೂ ಕೆಲವು ದಿನ ಹಿಡಿಯಬಹುದು. ಅಲ್ಲಿಯವರೆಗೆ ಆದೇಶದ ಪ್ರತಿ ಕಾರಿನಲ್ಲೇ ಇರಲಿ. ವಾರ ಕಳೆದ ಮೇಲೆ ಫೇಲ್ಯೂರ್ ಟು ಅಪಿಯರ್ ತಾಣದಲ್ಲಿ ಲೈಸೆನ್ಸ್ ಸಂಖ್ಯೆ ಹಾಕಿ ಮತ್ತೊಮ್ಮೆ ನೋಡಿ. ತಡೆ ಇನ್ನೂ ತೋರಿಸುತ್ತಿದ್ದರೆ ಕೇಸ್ ನಂಬರ್ ಹಿಡಿದು ಅದೇ ಕ್ಲರ್ಕ್‌ಗೆ ಫೋನ್ ಮಾಡಿ.